ಮನೆ ಶಟರ್‌ಗೆ ಮೋಟಾರ್ ಹಾಕಿಸ್ತಿದ್ದೀರಾ? ಒಂದ್ ನಿಮಿಷ

ಕಳೆದ ಸೆಮಿಸ್ಟರ್ ಎಕ್ಸಾಮ್ ಮುಗಿಸಿಕೊಂಡು ಮಾಲೂರಿಗೆ ಹೋಗಿದ್ದಾಗ ನಡೆದದ್ದು ಇದು. ಸಂಜೆ ನಾಲ್ಕೂವರೆ ಇರಬೇಕು. ಚಿಕ್ಕಪ್ಪನ ಮಗ, ಎರಡನೇ ಕ್ಲಾಸು, ಸ್ಕೂಲ್ ವ್ಯಾನ್ ಇಳಿದು ಓಡಿಬರ್ತಿದ್ದ. ನಾನು ಸ್ಕೂಟಿ ಒಳಗೆ ನಿಲ್ಲಿಸಿ, ಮೆಟ್ಟಿಲು ಹತ್ತುತ್ತಾ, ಹಿಂದೆ ತಿರುಗಿ ಕೂಡ ನೋಡದೆ ರಿಮೋಟ್ ಒತ್ತಿದೆ. ಶಟರ್ ಇಳಿಯೋಕೆ ಶುರುವಾಯ್ತು. ಇಳಿಯೋ ಶಟರ್ ಕೆಳಗೆ ನುಗ್ಗೋದು ಅವನಿಗೆ ದಿನಾ ಆಟ. ಮೊದಲು ಬ್ಯಾಗ್ ಎಸೀತಾನೆ, ಆಮೇಲೆ ತಾನು ಬಗ್ಗಿ ನುಗ್ತಾನೆ. ಅವತ್ತು ಬ್ಯಾಗ್ ಪೂರ್ತಿ ಒಳಗೆ ಬರಲಿಲ್ಲ, ಹೊಸ್ತಿಲ ಮೇಲೇ ಬಿತ್ತು. ಅದನ್ನ ನೋಡಿ ಅವನು ನಿಂತ. ಶಟರ್ ನಿಲ್ಲಲಿಲ್ಲ.

ಬ್ಯಾಗ್ ಒಳಗಿದ್ದ ಸ್ಟೀಲ್ ಟಿಫನ್ ಡಬ್ಬಿ ನಡುಮಧ್ಯಕ್ಕೆ ಬಗ್ಗಿ ದೋಣಿ ತರಹ ಆಗಿತ್ತು. ಅವನು "ಅಕ್ಕಾ, ನನ್ ಡಬ್ಬಿ" ಅಂತ ಹೊರಗಿಂದ ಅಳ್ತಿದ್ದ. ಶಟರ್ ಮೇಲೆತ್ತಿ ಅವನ ತಲೆ, ಕೈ, ಕಾಲು ಎಲ್ಲಾ ಮುಟ್ಟಿ ನೋಡಿ ಆಮೇಲೆ ನಾನೂ ಅತ್ತೆ. ರಿಮೋಟ್ ನನ್ನ ಕೈಯಲ್ಲೇ ಇತ್ತು. ಮೆಕ್ಯಾನಿಕಲ್ ಎರಡನೇ ವರ್ಷ ಓದ್ತಿರೋಳೂ ನಾನೇ.

ಆ ಡಬ್ಬಿ ನೋಡಿದ ಮೇಲೆ ಎರಡು ವಾರ ನಾನು ಬೇರೆ ಏನೂ ಸರಿಯಾಗಿ ಓದಲಿಲ್ಲ, ಶಟರ್ ಬಗ್ಗೆ ಮಾತ್ರ ಓದಿದೆ. ನಮ್ಮ ಮನೆಯವರು ಎಲ್ಲಾ ಉಲ್ಟಾ ಮಾಡಿದ್ವಿ ಅಂತ ಆಗ ಗೊತ್ತಾಯ್ತು. ನಮ್ಮ ಕ್ಲಾಸ್ ಗ್ರೂಪಲ್ಲಿ ಕೇಳಿದ್ರೆ ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಫ್ರೆಂಡ್ಸ್ ಮನೆಯಲ್ಲೂ ಹೆಚ್ಚು ಕಮ್ಮಿ ಅದೇ ಕಥೆ. ಅದಕ್ಕೇ ಈ ಲೇಖನ. (ನಾನು ಓದಿದ್ದೆಲ್ಲಾ ಇಂಗ್ಲಿಷ್ ಮೀಡಿಯಂ. ಕಾಗುಣಿತ ತಪ್ಪಿದ್ರೆ ಎಡಿಟರ್ ಅಣ್ಣನ್ನ ಕೇಳಿ.)

ಮೊದಲು ಒಂದು ಮಾತು ಕ್ಲಿಯರ್ ಮಾಡ್ತೀನಿ. ಇಂಟರ್ನೆಟ್‌ನಲ್ಲಿ ಇದಕ್ಕೆ ಗ್ಯಾರೇಜ್ ಡೋರ್ ಅಂತಾರೆ. ನಮ್ಮ ಕಡೆ ಗ್ಯಾರೇಜ್ ಅಂದ್ರೆ ಮೆಕ್ಯಾನಿಕ್ ಅಂಗಡಿ. ಮನೆಯಲ್ಲಿ ಕಾರ್ ನಿಲ್ಲಿಸೋ ಜಾಗಕ್ಕೆ ಶೆಡ್ಡು ಅಂತೀವಿ, ಇಲ್ಲಾ ಪಾರ್ಕಿಂಗ್ ಅಂತೀವಿ. ಅದರ ಬಾಗಿಲು ಅಂದ್ರೆ ರೋಲಿಂಗ್ ಶಟರ್. ಅಮೆರಿಕದ ಸಿನಿಮಾದಲ್ಲಿ ನಾಲ್ಕೈದು ಅಗಲವಾದ ಹಲಗೆ ಸೇರಿಸಿದ ಬಾಗಿಲು ಮೇಲೆ ಹೋಗಿ ಸೀಲಿಂಗ್ ಕೆಳಗೆ ಮಲಗುತ್ತಲ್ಲ, ಅದನ್ನ ಸಿ. ಜಿ. ಜಾನ್ಸನ್ ಅನ್ನೋರು 1921ರಲ್ಲಿ ಮಾಡಿದ್ದು, 1926ರಲ್ಲಿ ಅದಕ್ಕೆ ಮೋಟಾರ್ ಓಪನರ್ ಕೂಡ ಅವರೇ ಮಾಡಿದ್ರು. ನಮ್ಮ 30-40 ಸೈಟಲ್ಲಿ ಸೀಲಿಂಗ್ ಕೆಳಗೆ ಅಷ್ಟು ಜಾಗ ಎಲ್ಲಿದೆ? ಸುತ್ತಿಕೊಳ್ಳೋ ಶಟರ್ರೇ ನಮಗೆ ಸರಿ.

ಇನ್ನೊಂದು ಕಾರಣನೂ ಇದೆ. ನಮ್ಮ ಜಿಲ್ಲೆಯಲ್ಲಿ ರಸ್ತೆಗೆ ಮುಖ ಮಾಡಿದ ಮನೆ ಕಟ್ಟೋರು ಎಲ್ಲರೂ ಕೆಳಗಡೆ ಶಟರ್ ಹಾಕಿಸ್ತಾರೆ. "ಇವತ್ತು ಕಾರ್ ನಿಲ್ಲಿಸೋಣ, ನಾಳೆ ಅಂಗಡಿ ಬಾಡಿಗೆಗೆ ಕೊಡೋಣ" ಅನ್ನೋ ಲೆಕ್ಕ. ನರಸಾಪುರದ ಕಡೆ ಫ್ಯಾಕ್ಟರಿಗಳು ಬಂದ ಮೇಲೆ ಈ ಲೆಕ್ಕ ಇನ್ನೂ ಜಾಸ್ತಿ ಆಯ್ತು. ಶ್ರೀನಿವಾಸಪುರದಲ್ಲಿ ಅದೇ ಶಟರ್ ಹಿಂದೆ ಮಾವಿನಕಾಯಿ ಕ್ರೇಟ್ ಇರುತ್ತೆ, ಕೋಲಾರದಲ್ಲಿ ಟೊಮೆಟೊ ಬಾಕ್ಸ್ ಇರುತ್ತೆ. ನಮ್ಮ ಮನೆಯಲ್ಲಿ ಒಂದು ಕಾರ್, ಎರಡು ಸ್ಕೂಟರ್, ಅಜ್ಜಿಯ ರಾಗಿ ಡ್ರಮ್ಮು.

ನಮ್ಮ ಶಟರ್ ಹತ್ತು ಅಡಿ ಅಗಲ, ಎಂಟು ಅಡಿ ಎತ್ತರ. ಏಳೆಂಟು ವರ್ಷ ಕೈಯಲ್ಲೇ ಎಳೀತಿದ್ವಿ. ಬರಬರ್ತಾ ಭಾರ ಆಯ್ತು. ಅಪ್ಪ ಬೆಳಗ್ಗೆ ಟ್ರೈನ್‌ಗೆ ಹೋಗ್ಬೇಕಾದ್ರೆ ಎತ್ತೋಕೆ ಒಂದು ಕೈ ಸಾಲದೆ ಎರಡು ಕೈ, ಆಮೇಲೆ ಭುಜ ಕೊಡ್ಬೇಕಾಯ್ತು. ಅಮ್ಮನ ಕೈಯಲ್ಲಿ ಆಗ್ತಾನೇ ಇರಲಿಲ್ಲ. "ಮೋಟಾರ್ ಹಾಕಿಸಿಬಿಡೋಣ" ಅಂತ ತೀರ್ಮಾನ ಆಯ್ತು.

ಆ ಭಾನುವಾರ ಮನೆಯಲ್ಲಿ ನಡೆದ ಚರ್ಚೆ ನೆನಪಿದೆ. ರಿಮೋಟ್ ಎಷ್ಟು ಕೊಡ್ತಾರೆ, ಎರಡೋ ನಾಲ್ಕೋ? ಮೊಬೈಲ್ ಆ್ಯಪ್ ಬರುತ್ತಾ? ಪಕ್ಕದ ರಸ್ತೆಯವರದ್ದಕ್ಕಿಂತ ಸೌಂಡ್ ಕಮ್ಮಿ ಇರುತ್ತಾ? ಶಟರ್ ಕೆಲಸದ ಭಾಯ್ ಬಂದು ಅಳತೆ ತಗೊಂಡು, ಕೊನೆಯಲ್ಲಿ "ಸಾರ್, ಸೆನ್ಸರ್ ಬೇಕಾ? ಅದು ಎಕ್ಸ್‌ಟ್ರಾ" ಅಂದ್ರು. ಅಪ್ಪ ನನ್ನ ಕಡೆ ನೋಡಿದ್ರು. ನಾನು ಫೋನ್ ನೋಡ್ತಾ "ಬೇಡ ಬಿಡಪ್ಪಾ, ಅದೆಲ್ಲಾ ಮಾಲ್‌ಗೆ" ಅಂದೆ. ಮೋಟಾರ್ ರೇಟಲ್ಲಿ ಹತ್ತನೇ ಒಂದು ಭಾಗ ಕೂಡ ಇರಲಿಲ್ಲ ಅದು. "ಸ್ಪ್ರಿಂಗ್ ಕೂಡ ವೀಕ್ ಆಗಿದೆ ಸಾರ್, ಚೇಂಜ್ ಮಾಡಿದ್ರೆ ಒಳ್ಳೇದು" ಅಂತಾನೂ ಅವರು ಹೇಳಿದ್ರು. ಮೋಟಾರ್ ಇರುವಾಗ ಸ್ಪ್ರಿಂಗ್ ಯಾಕೆ ಅಂತ ಅದನ್ನೂ ಬಿಟ್ವಿ.

ಈಗ ಲೆಕ್ಕ ಹಾಕಿ ನೋಡೋಣ. ಹತ್ತು ಇಂಟು ಎಂಟು ಅಂದ್ರೆ 80 ಚದರ ಅಡಿ, ಸುಮಾರು 7.4 ಚದರ ಮೀಟರ್. 0.9 ಮಿಲಿಮೀಟರ್ ದಪ್ಪದ ಸ್ಟೀಲ್ ಶೀಟ್ ಒಂದು ಚದರ ಮೀಟರ್‌ಗೆ ಏಳು ಕೆಜಿ ತೂಗುತ್ತೆ. ಶಟರ್ ಪಟ್ಟಿಗಳು ಬಾಗಿಕೊಂಡು ಒಂದಕ್ಕೊಂದು ಕೊಂಡಿ ಹಾಕಿಕೊಂಡಿರೋದ್ರಿಂದ ಶೀಟ್ ಇನ್ನೂ ಜಾಸ್ತಿ ಬೇಕು, ಕೆಳಗಿನ ಪಟ್ಟಿ ಬೇರೆ. ಎಲ್ಲಾ ಸೇರಿ 75 ಕೆಜಿ ಅಂತ ಇಟ್ಕೊಳ್ಳಿ. ಒಂದೂವರೆ ಸಿಮೆಂಟ್ ಮೂಟೆ. ಒಂದೂವರೆ ಮೂಟೆ ಸಿಮೆಂಟನ್ನ ದಿನಕ್ಕೆ ಹತ್ತು ಸಲ ಎಂಟು ಅಡಿ ಎತ್ತರಕ್ಕೆ ಎತ್ತಿ ಇಳಿಸೋ ಕೆಲಸ ಅದು. ಹಾಗಾದ್ರೆ ಮುಳಬಾಗಿಲಲ್ಲಿ ಅರವತ್ತು ವರ್ಷದ ಅಂಗಡಿ ತಾತ ಬೆಳಗ್ಗೆ ಎದ್ದು ಒಂದೇ ಕೈಯಲ್ಲಿ "ಘರ್ರ್" ಅಂತ ಶಟರ್ ಎತ್ತೋದು ಹೇಗೆ?

ಎತ್ತೋದು ಅವರಲ್ಲ, ಸ್ಪ್ರಿಂಗ್. ಮೇಲಿರೋ ಬಾಕ್ಸ್ ಒಳಗೆ ಒಂದು ಪೈಪ್ ಇದೆ. ಅದು ತಿರುಗಲ್ಲ, ಎರಡೂ ಕಡೆ ಕ್ಲ್ಯಾಂಪ್ ಹಾಕಿ ಬಿಗಿದಿರ್ತಾರೆ. ಅದರ ಮೇಲೆ ಸ್ಪ್ರಿಂಗ್ ಬಾಕ್ಸ್‌ಗಳು ಕೂತಿರುತ್ತೆ, ಶಟರ್ ಸುತ್ತಿಕೊಳ್ಳೋದು ಆ ಬಾಕ್ಸ್‌ಗಳ ಮೇಲೆ. ಶಟರ್ ಕೆಳಗೆ ಎಳೆದ ಹಾಗೆ ಒಳಗಿನ ಸ್ಪ್ರಿಂಗ್ ಬಿಗಿಯಾಗ್ತಾ ಹೋಗುತ್ತೆ. ಪೂರ್ತಿ ಇಳಿದಾಗ ನೇತಾಡೋ ತೂಕ ಅತಿ ಹೆಚ್ಚು, ಸ್ಪ್ರಿಂಗ್ ಬಿಗಿನೂ ಅತಿ ಹೆಚ್ಚು. ಮೇಲೆ ಹೋದ ಹಾಗೆ ಎರಡೂ ಒಟ್ಟಿಗೆ ಕಮ್ಮಿ ಆಗುತ್ತೆ. ನಮಗೆ ಮೂರನೇ ಸೆಮ್‌ನಲ್ಲಿ ಟಾರ್ಶನ್ ಬಂದಾಗ ಸರ್ ಬೋರ್ಡ್ ಮೇಲೆ ಬರೆದ ಶಾಫ್ಟ್ ನೋಡಿ ನಿದ್ದೆ ಬಂದಿತ್ತು. ಊರಿನ ಪ್ರತಿ ಅಂಗಡಿ ಬಾಗಿಲ ಮೇಲೆ ಅದೇ ಇದೆ ಅಂತ ಯಾರಾದ್ರೂ ಹೇಳಿದ್ರೆ ಎದ್ದು ಕೂತಿರ್ತಿದ್ದೆ. (ಸುತ್ತಿಕೊಂಡ ಹಾಗೆ ಸುರುಳಿ ದಪ್ಪ ಆಗಿ ರೇಡಿಯಸ್ ಬದಲಾಗುತ್ತೆ, ಹಾಗಾಗಿ ಬ್ಯಾಲೆನ್ಸ್ ಎಲ್ಲಾ ಕಡೆ ಪರ್ಫೆಕ್ಟ್ ಇರಲ್ಲ. ಆದ್ರೆ ಹತ್ತಿರ ಹತ್ತಿರ ಇರುತ್ತೆ.)

ಸುರುಳಿಯ ರೇಡಿಯಸ್ 10 ಸೆಂಟಿಮೀಟರ್ ಅಂತ ಹಿಡಿದ್ರೂ 75 ಕೆಜಿಗೆ 70 ನ್ಯೂಟನ್ ಮೀಟರ್ ದಾಟುತ್ತೆ. 110 ಸಿಸಿ ಸ್ಕೂಟರ್ ಎಂಜಿನ್ ಕೊಡೋ ಟಾರ್ಕ್ ಒಂಬತ್ತು ಚಿಲ್ಲರೆ. ನಿಮ್ಮ ತಲೆ ಮೇಲೆ ಬಾಕ್ಸ್ ಒಳಗೆ ಏಳೆಂಟು ಸ್ಕೂಟರ್ ಎಂಜಿನ್‌ನ ಟಾರ್ಕ್ ಮುಚ್ಚಿಟ್ಟಿದೆ ಅಂದ್ಕೊಳ್ಳಿ.

ನಮ್ಮ ಮನೆ ಶಟರ್ ಭಾರ ಆಗಿದ್ದು ಶಟರ್‌ಗೆ ವಯಸ್ಸಾಗಿದ್ದಕ್ಕಲ್ಲ, ಸ್ಪ್ರಿಂಗ್ ಸೋತಿದ್ದಕ್ಕೆ. ಅಮೆರಿಕದ ಗ್ಯಾರೇಜ್ ಸ್ಪ್ರಿಂಗ್‌ಗಳನ್ನ ಸಾಮಾನ್ಯವಾಗಿ 10,000 ಸಲ ತೆರೆದು ಮುಚ್ಚೋ ಲೆಕ್ಕಕ್ಕೆ ಮಾಡ್ತಾರೆ. ದಿನಕ್ಕೆ ನಾಲ್ಕು ಸಲ ಆದ್ರೆ ಏಳು ವರ್ಷದ ಹತ್ತಿರ ಬರುತ್ತೆ. ನಮ್ಮ ಮನೆಯಲ್ಲಿ ಹಾಲಿಗೆ, ಅಪ್ಪನ ಟ್ರೈನ್‌ಗೆ, ಸ್ಕೂಲ್ ವ್ಯಾನ್‌ಗೆ, ತರಕಾರಿಗೆ, ಎಲ್ಲಾ ಸೇರಿ ಹತ್ತು ಸಲ ಆಗುತ್ತೆ. ಅದೇ ಸ್ಪ್ರಿಂಗ್ ಇದ್ದಿದ್ರೆ ಮೂರು ವರ್ಷ ಕೂಡ ಬರಲ್ಲ. ಸೋತ ಸ್ಪ್ರಿಂಗ್ ಮೇಲೆ ಮೋಟಾರ್ ಕೂರಿಸೋದು ಅಂದ್ರೆ ಸುಸ್ತಾದ ಎತ್ತಿನ ಪಕ್ಕ ಇನ್ನೊಂದು ಎತ್ತು ಕಟ್ಟಿ ಎರಡರ ಕೆಲಸನೂ ಅದರ ಕೈಯಲ್ಲೇ ಮಾಡಿಸಿದ ಹಾಗೆ. ಸ್ವಲ್ಪ ದಿನ ಓಡುತ್ತೆ.

ಹಾಗಾಗಿ ನನ್ನ ಮೊದಲ ವಾದ ಇದು: ನಮ್ಮ ಕಡೆ ಮೋಟಾರ್ ಹಾಕಿಸಿದ ಅರ್ಧ ಮನೆಗಳಿಗೆ ಮೋಟಾರ್ ಬೇಕಾಗಿರಲಿಲ್ಲ, ಹೊಸ ಸ್ಪ್ರಿಂಗ್ ಬೇಕಾಗಿತ್ತು. ರೋಲಿಂಗ್ ಶಟರ್‌ಗೆ ಭಾರತದ್ದೇ ಸ್ಟ್ಯಾಂಡರ್ಡ್ ಇದೆ, ಐಎಸ್ 6248, 1979ರದ್ದು. ಅದರ ಪ್ರಕಾರ ಕೈಯಲ್ಲಿ ಎಳೆಯೋ ಶಟರ್ 8 ಚದರ ಮೀಟರ್‌ವರೆಗೆ ಸಾಕು, ಬಾಲ್ ಬೇರಿಂಗ್ ಇದ್ರೆ 12ರವರೆಗೆ. ನಮ್ಮದು 7.4. ಅಂದ್ರೆ ಅಮ್ಮ ಕೈಯಲ್ಲಿ ಎತ್ತೋ ಹಾಗೆ ಇರಬೇಕಾಗಿದ್ದ ಶಟರ್ ಅದು. ನಿಮ್ಮ ಮನೆಯದ್ದನ್ನ ಟೇಪ್ ಹಿಡಿದು ಅಳೆದು ನೋಡಿ. ಅಜ್ಜಿ ಒಬ್ಬರೇ ಇರೋ ಮನೆ, ಭುಜ ನೋವಿರೋರು, ಇಂಥ ಕಡೆ ಮೋಟಾರ್ ಖಂಡಿತ ಬೇಕು, ಅದಕ್ಕೆ ನನ್ನ ವಿರೋಧ ಇಲ್ಲ. ಆದ್ರೆ ಪಕ್ಕದವರು ಹಾಕಿಸಿದ್ರು ಅಂತ ಬೇಡ.

ಎರಡನೇ ವಾದ ಡಬ್ಬಿಗೆ ಸಂಬಂಧಿಸಿದ್ದು, ನನಗೆ ಮುಖ್ಯವಾದದ್ದು.

ಡಬ್ಬಿ ವಿಷಯ ಹೇಳಿದಾಗ ಚಿಕ್ಕಪ್ಪ ಅಂದ್ರು: "ಬಜಾರಲ್ಲಿ ನೂರು ಶಟರ್ ಇದೆ. ಯಾವುದಕ್ಕೂ ಸೆನ್ಸರ್ ಇಲ್ಲ. ನಲವತ್ತು ವರ್ಷದಿಂದ ನೋಡ್ತಿದ್ದೀನಿ, ಯಾರಿಗೇನಾಗಿದೆ?" ಒಳ್ಳೆ ಪ್ರಶ್ನೆ. ನನಗೂ ಉತ್ತರ ತಕ್ಷಣ ಹೊಳೀಲಿಲ್ಲ. ಮಾರನೇ ದಿನ ನಮ್ಮ ರಸ್ತೆಯ ಕಿರಾಣಿ ಅಂಗಡಿಯವರು ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕೋದನ್ನ ನಿಂತು ನೋಡಿದೆ. ಕೊಕ್ಕೆ ಕೋಲಲ್ಲಿ ಎಳೆದು, ಎದೆ ಮಟ್ಟಕ್ಕೆ ಬಂದ ಮೇಲೆ ಕೈಯಲ್ಲಿ ಹಿಡಿದು, ಕೊನೆಗೆ ಕಾಲಿಟ್ಟು ತುಳಿದ್ರು. ಪೂರ್ತಿ ಹೊತ್ತು ಶಟರ್ ಎದುರೇ ನಿಂತಿದ್ರು. ಬೆಕ್ಕು ಅಡ್ಡ ಬಂದ್ರೆ ಕಾಣುತ್ತೆ. ಏನಾದ್ರೂ ಸಿಕ್ಕಿಹಾಕಿಕೊಂಡ್ರೆ ಕೈಗೆ ಗೊತ್ತಾಗುತ್ತೆ. ಅಲ್ಲಿ ಸೆನ್ಸರ್ ಇದೆ, ಅದು ಅಂಗಡಿಯವರೇ.

ಇನ್ನೂ ಒಂದು ವಿಷಯ ಇದೆ, ಇದು ನನಗೆ ಕಾಗದ ಪೆನ್ಸಿಲ್ ಹಿಡಿದಾಗ ಹೊಳೆದದ್ದು. ಕೈಯಲ್ಲಿ ಎಳೆಯುವಾಗ 75 ಕೆಜಿಯನ್ನ ಸ್ಪ್ರಿಂಗ್ ಹಿಡಿದಿರುತ್ತೆ. ಅಡ್ಡ ಏನಾದ್ರೂ ಬಂದ್ರೆ ಅದರ ಮೇಲೆ ಬೀಳೋದು ನಿಮ್ಮ ಕೈಯ ಬಲ ಮಾತ್ರ. ಕೈ ಬಿಟ್ರೆ ಶಟರ್ ಅಲ್ಲೇ ನಿಲ್ಲುತ್ತೆ. ಮೋಟಾರ್ ಹಾಗಲ್ಲ. ಕೆಳಗಿನ ಪಟ್ಟಿ ಡಬ್ಬಿ ಮೇಲೆ ಕೂತ್ರೂ ಅದಕ್ಕೆ ಗೊತ್ತಾಗಲ್ಲ, ಮೇಲೆ ಸುರುಳಿಯನ್ನ ಬಿಚ್ಚುತ್ತಾನೇ ಇರುತ್ತೆ. ಸ್ಪ್ರಿಂಗ್ ಹಿಡಿದಿರೋದು ಸುರುಳಿಯನ್ನ, ಆ ಸುರುಳಿಯನ್ನೇ ಮೋಟಾರ್ ಬಲವಂತವಾಗಿ ತಿರುಗಿಸ್ತಿದೆ. ನೇತಾಡ್ತಿದ್ದ ಪಟ್ಟಿಗಳು ಸಡಿಲ ಆಗಿ, ಒಂದರ ಮೇಲೊಂದು ಕೂತು, ತೂಕ ಎಲ್ಲಾ ಡಬ್ಬಿ ಮೇಲೆ ಬರುತ್ತೆ. ಸ್ಪ್ರಿಂಗ್ ಹೊಸದಿದ್ರೂ ಅಷ್ಟೇ. ಒಂದೂವರೆ ಮೂಟೆ ಸಿಮೆಂಟ್, ಮೂರು ಇಂಚು ಅಗಲದ ಪಟ್ಟಿ ಮೇಲೆ.

ನಾವು ಮೋಟಾರ್ ಹಾಕಿಸಿದಾಗ ಕೈ ತೆಗೆದ್ವಿ. ರಿಮೋಟ್ ತಗೊಂಡಾಗ ಕಣ್ಣೂ ತೆಗೆದ್ವಿ. ಅವೆರಡರ ಬದಲಿಗೆ ಏನೂ ಇಡಲಿಲ್ಲ. ಚಿಕ್ಕಪ್ಪನಿಗೆ ಇಷ್ಟೇ ಹೇಳಿದೆ. ಅವರು "ಹ್ಞೂಂ" ಅಂದ್ರು, ಆಮೇಲೆ ಮಗನ್ನ ಕರೆದು ಪಕ್ಕದಲ್ಲಿ ಕೂರಿಸಿಕೊಂಡ್ರು.

ಅಮೆರಿಕದಲ್ಲಿ ಇದು ಗೊತ್ತಾಗೋಕೆ ಮಕ್ಕಳು ಸಾಯಬೇಕಾಯ್ತು. 1980ರ ದಶಕದಲ್ಲಿ ಮೋಟಾರ್ ಗ್ಯಾರೇಜ್ ಬಾಗಿಲ ಕೆಳಗೆ ಸಿಕ್ಕಿ ಮಕ್ಕಳು ಸತ್ತ ಕೇಸುಗಳು ಒಂದಾದ ಮೇಲೊಂದು ಬಂದು, 1990ರಲ್ಲಿ ಅಲ್ಲಿನ ಸಂಸತ್ತೇ ಕಾನೂನು ಮಾಡ್ತು. 1993ರ ಜನವರಿ 1ರ ನಂತರ ತಯಾರಾಗೋ ಪ್ರತಿಯೊಂದು ಮನೆ ಓಪನರ್‌ಗೂ ಅಡ್ಡ ಬಂದಿದ್ದನ್ನ ಗುರುತಿಸೋ ವ್ಯವಸ್ಥೆ ಇರಲೇಬೇಕು. ಇಳಿಯುವಾಗ ಏನಾದ್ರೂ ತಗುಲಿದ್ರೆ ಎರಡು ಸೆಕೆಂಡಿನೊಳಗೆ ವಾಪಸ್ ಮೇಲೆ ಹೋಗಬೇಕು. ಅದರ ಜೊತೆಗೆ ನೆಲದಿಂದ ಆರು ಇಂಚಿಗಿಂತ ಮೇಲೆ ಹೋಗದ ಹಾಗೆ ಬಾಗಿಲ ಎರಡೂ ಪಕ್ಕ ಫೋಟೋ ಸೆನ್ಸರ್, ಇಲ್ಲಾಂದ್ರೆ ಕೆಳಗಿನ ಅಂಚಿಗೆ ಒತ್ತಿದ್ರೆ ಗೊತ್ತಾಗೋ ಸೆನ್ಸರ್. ಆರು ಇಂಚು ಯಾಕೆ ಅಂದ್ರೆ ಮಗು ನೆಲದ ಮೇಲೆ ಮಲಗಿದ್ರೂ ಕಿರಣಕ್ಕೆ ಅಡ್ಡ ಬರಬೇಕು. ನಮಗೆ "ಎಕ್ಸ್‌ಟ್ರಾ" ಅಂತ ಹೇಳಿದ್ದು ಇದನ್ನೇ.

ಇನ್ನು ಅಜ್ಜಿ ಕಥೆ. ಇದು ಡಬ್ಬಿಗಿಂತ ಮುಂಚೆ, ಮೇ ತಿಂಗಳಲ್ಲಿ ಆಗಿದ್ದು. ಎಲ್ಲರೂ ಮುಳಬಾಗಿಲಲ್ಲಿ ಒಂದು ಮದುವೆಗೆ ಹೋಗಿದ್ವಿ, ಅಜ್ಜಿ ಮಂಡಿನೋವು ಅಂತ ಮನೆಯಲ್ಲೇ ಉಳಿದ್ರು. ಸಂಜೆ ಗಾಳಿ ಮಳೆ, ಕರೆಂಟ್ ಹೋಯ್ತು. ಶಟರ್ ಮುಚ್ಚಿದೆ. ನಮ್ಮ ಮನೆಗೆ ಮೂರು ಕಡೆ ಪಕ್ಕದವರ ಗೋಡೆ, ಹಿತ್ತಿಲ ಬಾಗಿಲು ಇಲ್ಲ. ಹೊರಗೆ ಹೋಗೋಕೆ ಇರೋದು ಆ ಶಟರ್ ಒಂದೇ. ಎರಡೂವರೆ ಗಂಟೆ ಅಜ್ಜಿ ಕತ್ತಲಲ್ಲಿ ಕೂತಿದ್ರು. ಪಕ್ಕದ ಮನೆ ಆಂಟಿ ಹೊರಗಿಂದ ಶಟರ್‌ಗೆ ಬಾಯಿಟ್ಟು ತೆಲುಗಲ್ಲಿ ಧೈರ್ಯ ಹೇಳ್ತಿದ್ರಂತೆ, ಅಜ್ಜಿ ಒಳಗಿಂದ ಕನ್ನಡದಲ್ಲಿ ಮೋಟಾರ್‌ನ ಬೈತಿದ್ರಂತೆ. ಏನೂ ಆಗಲಿಲ್ಲ, ಪುಣ್ಯ. ಬಿಪಿ ಮಾತ್ರೆ ಒಳಗೇ ಇತ್ತು.

ಆಗ ಯಾಕೆ ತೆರೆಯೋಕೆ ಆಗಲಿಲ್ಲ? ನಮ್ಮದು ಸೆಂಟರ್ ಮೋಟಾರ್, ಅಂದ್ರೆ ಪೈಪ್ ನಡುವೆ ಕೂರೋದು. ಕರೆಂಟ್ ಇಲ್ಲದಾಗ ಅದರ ಬ್ರೇಕ್ ಶಟರ್‌ನ ಬಿಗಿಯಾಗಿ ಹಿಡಿದುಬಿಡುತ್ತೆ. ಬ್ರೇಕ್ ಬಿಡಿಸೋಕೆ ಒಂದು ವೈರ್ ಬರುತ್ತೆ, ಅದನ್ನ ಎಳೆದು ಕೈಯಲ್ಲಿ ಎತ್ತಬಹುದು. ಆ ವೈರನ್ನ ನೇತಾಡಿದ್ರೆ ಚೆನ್ನಾಗಿ ಕಾಣಲ್ಲ ಅಂತ ಮೇಲಿನ ಬಾಕ್ಸ್ ಒಳಗೆ ಸುತ್ತಿ ಇಟ್ಟಿದ್ವಿ, ಅಜ್ಜಿಗೆ ಎಲ್ಲಿ ಸಿಗುತ್ತೆ? ಸಿಕ್ಕಿದ್ರೂ ಪ್ರಯೋಜನ ಇರಲಿಲ್ಲ. ಸ್ಪ್ರಿಂಗ್ ಸೋತಿತ್ತಲ್ಲ, ಬ್ರೇಕ್ ಬಿಟ್ರೆ ಆ ತೂಕ ಎತ್ತಬೇಕಾಗಿದ್ದು ಎಪ್ಪತ್ತೆರಡು ವರ್ಷದ ಅಜ್ಜಿ.

ಸೈಡ್ ಮೋಟಾರ್ ಅಂತ ಇನ್ನೊಂದು ಬರುತ್ತೆ, ಪಕ್ಕದಲ್ಲಿ ಕೂತು ಚೈನ್ ಮೂಲಕ ತಿರುಗಿಸೋದು. ದೊಡ್ಡ ಶಟರ್‌ಗಳಿಗೆ, ಗೋಡೌನ್‌ಗಳಿಗೆ ಅದೇ ಹಾಕ್ತಾರೆ. ಅದರಲ್ಲಿ ಸ್ಪ್ರಿಂಗ್ ಇಲ್ಲದೆ ಮೋಟಾರ್ರೇ ಪೂರ್ತಿ ತೂಕ ಎತ್ತೋದೂ ಉಂಟು. ಕರೆಂಟ್ ಹೋದ್ರೆ ಕೈ ಚೈನ್ ಎಳೀಬಹುದು, ನಿಧಾನ ಆಗುತ್ತೆ ಆದ್ರೆ ಭಾರ ಇರಲ್ಲ. ಮನೆಯಲ್ಲಿ ವಯಸ್ಸಾದೋರು ಒಬ್ಬರೇ ಇರ್ತಾರೆ ಅಂದ್ರೆ ಚೈನ್ ಇರೋದು ಕೇಳಿ, ಇಲ್ಲಾ ಸೆಂಟರ್ ಮೋಟಾರ್‌ಗೆ ಯುಪಿಎಸ್ ಹಾಕಿಸಿ. ಮನೆ ಇನ್ವರ್ಟರ್‌ಗೇ ಕೊಡೋದಾದ್ರೆ ಅದು ಮೋಟಾರ್ ಸ್ಟಾರ್ಟ್ ಆಗುವಾಗಿನ ಲೋಡ್ ತಡೆಯುತ್ತಾ ಅಂತ ಮೊದಲು ಕೇಳಬೇಕು. ಇನ್ನೂ ಒಳ್ಳೇದು ಏನಂದ್ರೆ ಮನೆ ಕಟ್ಟುವಾಗಲೇ ಶಟರ್ ಪಕ್ಕದಲ್ಲಿ ಮೂರಡಿ ಬಾಗಿಲೊಂದು ಬಿಡೋದು. ಹತ್ತಡಿ ಶಟರ್ ಸಿಗುತ್ತೆ ಅಂತ ಮೂರಡಿ ಬಾಗಿಲು ಬಿಟ್ಟೋರು ನಾವು.

ಡಬ್ಬಿ ಘಟನೆ ಆದ ಮೂರನೇ ದಿನ ಭಾಯ್‌ನ ಮತ್ತೆ ಕರೆಸಿದ್ವಿ. ಈ ಸಲ ಸ್ಪ್ರಿಂಗ್ ಹೊಸದು, ಫೋಟೋ ಸೆನ್ಸರ್ ಒಂದು ಜೊತೆ. ನಾನು ಏಣಿ ಹತ್ತಿರ ಹೋಗಿ "ಭಾಯ್, ನಾನೂ ನೋಡ್ಲಾ?" ಅಂದೆ. "ದೂರ ನಿಂತ್ಕೋ ಅಮ್ಮಾ" ಅಂದವರು ತಮ್ಮ ಎಡಗೈ ತೋರಿಸಿದ್ರು. ಉಂಗುರದ ಬೆರಳ ತುದಿ ಇರಲಿಲ್ಲ. ಪೈಪ್ ಪಾನಾ ಹಾಕಿ ಸ್ಪ್ರಿಂಗ್ ಬಿಗಿ ಮಾಡುವಾಗ ಜಾರಿದ್ದು, ಹದಿನೆಂಟನೇ ವಯಸ್ಸಲ್ಲಿ. ನನಗಿಂತ ಒಂದು ವರ್ಷ ಚಿಕ್ಕವರಿದ್ದಾಗ. ಪೈಪನ್ನ ಪಾನಾದಲ್ಲಿ ತಿರುಗಿಸಿ ಬಿಗಿ ಹತ್ತಿಸಿ, ಹಾಗೇ ಹಿಡಿದುಕೊಂಡಿದ್ದು ಕ್ಲ್ಯಾಂಪ್ ಹಾಕ್ಬೇಕು. ಆ 70 ನ್ಯೂಟನ್ ಮೀಟರ್ ಆಗ ಇರೋದು ಒಬ್ಬ ಮನುಷ್ಯನ ಕೈಯಲ್ಲಿ, ಏಣಿ ಮೇಲೆ. ಇದನ್ನ ವಿಡಿಯೋ ನೋಡಿ ಮನೆಯಲ್ಲಿ ಟ್ರೈ ಮಾಡೋ ಹುಡುಗರು ನಮ್ಮ ಹಾಸ್ಟೆಲಲ್ಲೇ ನಾಲ್ಕು ಜನ ಇದ್ದಾರೆ ಅಂತ ನನಗೆ ಗೊತ್ತು. ಮಾಡ್ಬೇಡಿ. ಮೆಕ್ಯಾನಿಕಲ್ ಓದ್ತಿರೋರಂತೂ ಮಾಡ್ಲೇಬೇಡಿ, ನಮಗೆ ಧೈರ್ಯ ಜಾಸ್ತಿ, ಅನುಭವ ಸೊನ್ನೆ.

ಭಾಯ್ ಹತ್ರ ಕಲಿತ ಒಂದು ಟೆಸ್ಟ್ ಇದೆ, ಇದನ್ನ ಯಾರು ಬೇಕಾದ್ರೂ ಮಾಡಬಹುದು. ಮೋಟಾರ್ ಇದ್ರೆ ಮೇನ್ ಆಫ್ ಮಾಡಿ, ರಿಲೀಸ್ ವೈರ್ ಎಳೆದಿಡಿ. ಕೆಳಗೆ ಯಾರೂ ಇಲ್ಲ ಅಂತ ನೋಡ್ಕೊಂಡು ಶಟರ್‌ನ ಅರ್ಧಕ್ಕೆ ಎತ್ತಿ ನಿಧಾನಕ್ಕೆ ಕೈ ಸಡಿಲ ಮಾಡಿ, ಪೂರ್ತಿ ಬಿಡಬೇಡಿ. ಅಲ್ಲೇ ನಿಂತ್ರೆ ಸ್ಪ್ರಿಂಗ್ ಸರಿ ಇದೆ. ಜಾರಿ ಕೆಳಗೆ ಬಂದ್ರೆ ಸೋತಿದೆ. ತಾನಾಗೇ ಮೇಲೆ ಓಡಿದ್ರೆ ಬಿಗಿ ಜಾಸ್ತಿ ಆಗಿದೆ. ನಮ್ಮದು ಅವತ್ತು ದಪ್ ಅಂತ ಬಂತು.

ಸೆನ್ಸರ್ ವಿಷಯದಲ್ಲಿ ಒಂದು ತೊಡಕು ಬಂತು. ನಮ್ಮ ಮೋಟಾರ್ ಜೊತೆ ಬಂದಿದ್ದ ಕಂಟ್ರೋಲ್ ಬಾಕ್ಸಲ್ಲಿ ಸೆನ್ಸರ್ ವೈರ್ ಕೊಡೋಕೆ ಜಾಗಾನೇ ಇರಲಿಲ್ಲ. ಅದನ್ನೂ ಬದಲಾಯಿಸ್ಬೇಕಾಯ್ತು, ಎರಡೆರಡು ಖರ್ಚು. ಮೊದಲೇ ಕೇಳಿದ್ರೆ ಇದು ತಪ್ತಿತ್ತು. ಸೆನ್ಸರ್‌ಗೆ ದುಡ್ಡೇ ಇಲ್ಲ ಅನ್ನೋ ಮನೆಗೆ ಖರ್ಚಿಲ್ಲದ ದಾರಿಯೊಂದಿದೆ: ಶಟರ್ ಕಾಣೋ ಜಾಗದಲ್ಲೇ ಗೋಡೆಗೆ ಸ್ವಿಚ್ ಹಾಕಿಸಿ, ಒತ್ತಿ ಹಿಡಿದಿದ್ದಷ್ಟು ಹೊತ್ತು ಮಾತ್ರ ಶಟರ್ ಇಳಿಯೋ ಹಾಗೆ ಸೆಟ್ ಮಾಡಿಸಿ, ಇಳಿಸೋದಕ್ಕೆ ರಿಮೋಟ್ ಬೇಡ ಅನ್ನಿ. ಬೆರಳು ತೆಗೆದ್ರೆ ನಿಲ್ಲುತ್ತೆ. ಕಿರಾಣಿ ಅಂಗಡಿಯವರ ಕಣ್ಣು, ಕೈ ಎರಡೂ ವಾಪಸ್ ಬಂದ ಹಾಗೆ.

ರಿಮೋಟ್ ಅಂದಾಗ ನೆನಪಾಯ್ತು, ಸಿಎಸ್ ಮತ್ತು ಇಸಿ ಬ್ರಾಂಚಿನವರು ಇಲ್ಲಿ ಎದ್ದು ಕೂರಿ. ಅಗ್ಗದ ರಿಮೋಟ್‌ಗಳು ಪ್ರತಿ ಸಲ ಒಂದೇ ಕೋಡ್ ಕಳಿಸುತ್ತೆ. ಒಂದು ಸಲ ಹಿಡಿದಿಟ್ಟುಕೊಂಡ್ರೆ ಮುಗೀತು, ಕೀ ಮಾಡೋ ಅಂಗಡಿಯಲ್ಲಿ ಡೂಪ್ಲಿಕೇಟ್ ರಿಮೋಟ್ ಮಾಡಿಕೊಡೋದು ಹೀಗೇ. 2015ರಲ್ಲಿ ಸ್ಯಾಮಿ ಕಾಮ್ಕರ್ ಅನ್ನೋ ಹ್ಯಾಕರ್ ಮಕ್ಕಳ ಆಟಿಕೆಯೊಂದನ್ನ ಬಿಚ್ಚಿ, 12 ಬಿಟ್ ಕೋಡ್ ಇರೋ ಗ್ಯಾರೇಜ್ ಬಾಗಿಲುಗಳನ್ನ ಹತ್ತು ಸೆಕೆಂಡಿನೊಳಗೆ ತೆರೆದು ತೋರಿಸಿದ. 12 ಬಿಟ್ ಅಂದ್ರೆ 4096 ಕೋಡ್ ಅಷ್ಟೇ, ಅವನ್ನ ಡಿ ಬ್ರೂಯಿನ್ ಸೀಕ್ವೆನ್ಸ್‌ನಲ್ಲಿ ಒಂದರೊಳಗೊಂದು ಹೆಣೆದು ಕಳಿಸಿದ. ಡಿಸ್ಕ್ರೀಟ್ ಮ್ಯಾಥ್ಸ್ ಯಾಕೆ ಓದ್ಬೇಕು ಅಂತ ಕೇಳೋರಿಗೆ ಉತ್ತರ. ರೋಲಿಂಗ್ ಕೋಡ್ ರಿಮೋಟ್ ಪ್ರತಿ ಸಲ ಬೇರೆ ಕೋಡ್ ಕಳಿಸುತ್ತೆ, ಅದನ್ನೇ ಕೇಳಿ ತಗೊಳ್ಳಿ. ರಾತ್ರಿ ಹೊತ್ತು ಒಳಗಿಂದ ಚಿಲಕನೂ ಹಾಕಿ, ಆದ್ರೆ ಬೆಳಗ್ಗೆ ಚಿಲಕ ತೆಗೆಯದೆ ಬಟನ್ ಒತ್ತಿದ್ರೆ ಪಟ್ಟಿ ಬಗ್ಗಿಹೋಗುತ್ತೆ. ಹಾಗೂ ಆಗಿದೆ ನಮ್ಮನೇಲಿ.

ಮೇಂಟೆನೆನ್ಸ್ ಬಗ್ಗೆ ಜಾಸ್ತಿ ಹೇಳೋಕಿಲ್ಲ, ಆದ್ರೆ ನಮ್ಮ ಊರುಗಳಿಗೇ ಸೇರಿದ ಎರಡು ತಪ್ಪು ಇದೆ. ಒಂದು, ಗ್ರೀಸು. ಮಾಲೂರು ಅಂದ್ರೆ ಇಟ್ಟಿಗೆ, ಹೆಂಚು, ಕೆಂಪು ಧೂಳು. ಶಟರ್ ಸೌಂಡ್ ಮಾಡಿದ್ರೆ ಎಲ್ಲರೂ ಪಕ್ಕದ ಚಾನೆಲ್ ಒಳಗೆ ಗ್ರೀಸೋ, ಗಾಡಿಯಿಂದ ತೆಗೆದ ಹಳೇ ಆಯಿಲ್ಲೋ ಬಳೀತಾರೆ. ಒಂದು ವಾರಕ್ಕೆ ಅದು ಧೂಳು ಕುಡಿದು ಉಜ್ಜೋ ಕಾಗದದ ತರಹ ಆಗುತ್ತೆ. ಚಾನೆಲ್‌ನ ಒಣ ಬಟ್ಟೆಯಲ್ಲಿ ಒರೆಸಿ, ಬೇಕಿದ್ರೆ ಗ್ರಾಫೈಟ್ ಪುಡಿ ಇಲ್ಲಾ ಸಿಲಿಕೋನ್ ಸ್ಪ್ರೇ ಹಾಕಿ. ಗ್ರೀಸ್ ಏನಿದ್ರೂ ಮೇಲೆ ಬೇರಿಂಗ್‌ಗೆ, ಅದೂ ಕೆಲಸದವರ ಕೈಯಲ್ಲಿ. ಎರಡನೇದು ನೀರು. ಬೆಳಗ್ಗೆ ಬಾಗಿಲು ತೊಳೆದು ರಂಗೋಲಿ ಹಾಕೋ ಮನೆಗಳಲ್ಲಿ ಆ ನೀರು ದಿನಾ ಶಟರ್‌ನ ಕೆಳಗಿನ ಪಟ್ಟಿಗೇ ಹಾರುತ್ತೆ. ಮೊದಲು ತುಕ್ಕು ಹಿಡಿಯೋದು ಅದೇ. ಅಮ್ಮನಿಗೆ ನೀರು ಹಾಕ್ಬೇಡ ಅಂದ್ರೆ ನಡೆಯುತ್ತಾ? ಶಟರ್ ಮೇಲೆತ್ತಿದ ಮೇಲೆ ನೀರು ಹಾಕು ಅಂದೆ, ಒಪ್ಪಿದ್ರು. ವರ್ಷಕ್ಕೊಂದು ಸಲ ಆ ಪಟ್ಟಿಗೆ ಪೇಂಟ್, ತಿಂಗಳಿಗೊಂದು ಸಲ ಸೆನ್ಸರ್ ಗಾಜು ಒರೆಸೋದು, ಜೇಡರ ಬಲೆ ತೆಗೆಯೋದು. ಸಂಜೆ ಬಿಸಿಲು ನೇರ ಬೀಳೋ ಕಡೆ ಸೆನ್ಸರ್‌ನ ಕಣ್ಣು ಇರೋ ಭಾಗ ಬೇಡ, ಇನ್ನೊಂದು ಪಕ್ಕಕ್ಕೆ ಹಾಕಿಸಿ.

ಸೆನ್ಸರ್ ಕೆಲಸ ಮಾಡ್ತಿದೆಯಾ ಅಂತ ನೋಡೋಕೆ ನಾನು ಒಂದು ಖಾಲಿ ರಟ್ಟಿನ ಡಬ್ಬ ಇಡ್ತೀನಿ, ಊರಿಗೆ ಹೋದಾಗಲೆಲ್ಲಾ. ನನ್ನ ತಮ್ಮ, ಅದೇ ಡಬ್ಬಿ ಮಾಲೀಕ, ಕಾಲು ಚಾಚಿ ನಿಲ್ಲಿಸೋಕೆ ನೋಡ್ತಾನೆ. ಬೈದ್ರೆ "ನೀನೇ ತಾನೇ ಹೇಳಿದ್ದು ನಿಲ್ಲುತ್ತೆ ಅಂತ" ಅಂತಾನೆ. ಅವನಿಗೆ ಇನ್ನೂ ಉತ್ತರ ಹುಡುಕ್ತಿದ್ದೀನಿ. ಅಜ್ಜಿ ಈಗ ರಿಲೀಸ್ ವೈರ್ ತುದಿಗೆ ಒಂದು ಕೆಂಪು ಬಟ್ಟೆ ಕಟ್ಟಿದ್ದಾರೆ, ನೋಡೋಕೆ ಚೆನ್ನಾಗಿಲ್ಲ, ಯಾರೂ ಬಿಚ್ಚೋ ಹಾಗಿಲ್ಲ.

ಈ ವೀಕೆಂಡ್ ಊರಿಗೆ ಹೋಗೋರು ಅರ್ಧಕ್ಕೆ ಎತ್ತೋ ಟೆಸ್ಟ್ ಒಂದು ಮಾಡಿ ನೋಡಿ. ಕೆಳಗೆ ಜಾರಿದ್ರೆ ನನಗೆ ಮೆಸೇಜ್ ಹಾಕಿ, ಭಾಯ್ ನಂಬರ್ ಕೊಡ್ತೀನಿ. ಕೋಲಾರ, ಮಾಲೂರು ಕಡೆ ಅವರೇ ಬರ್ತಾರೆ. ಶ್ರೀನಿವಾಸಪುರಕ್ಕೆ ಮಾವಿನ ಸೀಸನ್ ಮುಗಿದ ಮೇಲೆ ಅಂತೆ, ಅಲ್ಲಿವರೆಗೂ ಗೋಡೌನ್ ಶಟರ್‌ಗಳೇ ಅವರನ್ನ ಬಿಡಲ್ಲ.